ಬೀಗದಣ್ಣನ ಕಾವಲು ನಿಯಮ

ನನ್ನ ತಮ್ಮ ಯಾರನ್ನೂ ನಂಬುವವನಲ್ಲ, ಅದನ್ನೇ ದೊಡ್ಡ ಗುಣವೆಂದು ತಿಳಿದವನು. ಅಂಗಡಿಯಲ್ಲಿ ಉರಿಸಿ ನೋಡದೆ ಬಲ್ಬು ತರುವುದಿಲ್ಲ. ಹೆಂಡತಿ ಬಾಗಿಲು ಹಾಕಿ ಬಂದ ಮೇಲೆ ತಾನೊಮ್ಮೆ ಹೋಗಿ ಎಳೆದು ನೋಡುತ್ತಾನೆ. ಕಚೇರಿಯಲ್ಲಿ ನೀರು ಕುಡಿಯಲು ಎದ್ದರೂ ಕಂಪ್ಯೂಟರಿನ ಪರದೆಗೆ ಬೀಗ ಹಾಕಿಯೇ ಏಳುತ್ತಾನೆ. ಅಲ್ಲಿನವರು ಅವನಿಗೆ ಬೀಗದಣ್ಣ ಎಂದು ಹೆಸರಿಟ್ಟದ್ದರಲ್ಲಿ ತಪ್ಪೇನಿಲ್ಲ.

ಅವನ ಕಚೇರಿ ಒಂದು ವಿನಿಮಯ ಕೇಂದ್ರ. ಇಪ್ಪತ್ತೆರಡು ಸದಸ್ಯ ಸಂಸ್ಥೆಗಳ ಕಂಪ್ಯೂಟರ್ ಜಾಲಗಳು ಅಲ್ಲಿ ಒಂದಕ್ಕೊಂದು ಸೇರುತ್ತವೆ. ಒಂದು ಜಾಲದ ವೀಡಿಯೊ, ಇಮೇಲು ಇನ್ನೊಂದಕ್ಕೆ ದಾಟುವುದು ಅಲ್ಲಿಯೇ. ದಾಟಿಸುವ ಪೆಟ್ಟಿಗೆಗೆ ಸ್ವಿಚ್ ಎನ್ನುತ್ತಾರೆ. ಹದಿನೆಂಟು ವರ್ಷ ಅದಕ್ಕೆ ಕೈ ಹಾಕಿದವನು ಇವನೊಬ್ಬನೇ. ಯಾವುದಾದರೂ ಸಂಸ್ಥೆ ಫೋನ್ ಮಾಡಿ ಬದಲಾವಣೆ ಕೇಳಿದರೆ, "ಫೋನ್ ಇಡಿ" ಎಂದು ಹೇಳಿ, ತನ್ನ ಪುಸ್ತಕದಲ್ಲಿದ್ದ ನಂಬರಿಗೆ ತಾನೇ ಕರೆ ಮಾಡಿ, ಕೇಳಿದವರು ಅವರೇ ಎಂದು ಖಾತ್ರಿಯಾದ ಮೇಲೆಯೇ ಕೆಲಸ ಮುಟ್ಟುತ್ತಿದ್ದ.

ಮೂರು ವರ್ಷದ ಹಿಂದೆ ಅಲ್ಲಿಗೆ ಒಬ್ಬ ಮಹಿಳಾ ಎಂಜಿನಿಯರ್ ಬಂದಳು. ಇವನ ಬಾಯಲ್ಲಿ ಅವಳು ಇವತ್ತಿಗೂ "ಹೊಸಬಳು". ಇನ್ನು ಮುಂದೆ ಕೈಯಿಂದ ಬದಲಿಸುವುದು ಬೇಡ, ವೀಡಿಯೊ ಈ ದಾರಿ, ಇಮೇಲು ಆ ದಾರಿ ಎಂದು ಪ್ರತಿ ಸಂಸ್ಥೆಯೂ ತನ್ನ ನಿಯಮವನ್ನು ತಾನೇ ಬರೆಯಲಿ ಎಂಬುದು ಅವಳ ಯೋಜನೆ. ಎಲ್ಲರ ನಿಯಮಗಳನ್ನೂ ಒಂದು ತಂತ್ರಾಂಶ ಹೊಂದಿಸಿ ಸ್ವಿಚ್ಚಿಗೆ ಕೊಡುತ್ತದೆ. ಮೂಲೆಯ ಕೋಣೆಯ ಮೇಜಿನ ಮೇಲೆ, ಐದು ಸಂಸ್ಥೆಗಳ ಜಾಲಕ್ಕೆ ಒಂದೊಂದರಂತೆ, ಐದು ಸಣ್ಣ ಸ್ವಿಚ್ಚುಗಳನ್ನಿಟ್ಟು ಅದರ ಮಾದರಿಯನ್ನು ಕಟ್ಟಿದ್ದಳು. ಸದಸ್ಯರ ಮುಂದೆ ಅದು ಸರಿಯಾಗಿ ನಡೆಯದಿದ್ದರೆ ಯೋಜನೆಯೂ ಇಲ್ಲ, ಅವಳ ಕೆಲಸವೂ ಇಲ್ಲ. ಕೇಂದ್ರದ ಆಡಳಿತ ಸಮಿತಿ ಹಾಗೆಂದು ಬರೆದೇ ಕೊಟ್ಟಿತ್ತು.

"ಅಕ್ಕಾ, ಅವಳು ಮೊದ್ಲು ಎಲ್ಲಿದ್ಲು ಗೊತ್ತಾ? ನಮ್ಮ ಸದಸ್ಯರದ್ದೇ ಒಂದು ಕಂಪನೀಲಿ. ಯಾರದೋ ದಾರೀನ ಸದ್ದಿಲ್ದೆ ಆ ಕಡೆ ತಿರುಗಿಸಿದ್ರೆ ಯಾರಿಗೆ ಗೊತ್ತಾಗತ್ತೆ?" ಎಂದ ಒಂದು ದಿನ.

"ಅವಳನ್ನೇ ಕೇಳಿದ್ಯಾ?"

"ಕೇಳಿದ್ರೆ ಹೂಂ ಅಂತಾಳಾ?"

"ಹದಿನೆಂಟು ವರ್ಷ ನೀನು ತಿರುಗಿಸಿಲ್ಲ ಅಂತ ನಮಗೆ ಹೇಗೋ ಗೊತ್ತು?"

ಮೂರು ದಿನ ನನ್ನೊಡನೆ ಮಾತು ಬಿಟ್ಟ.

ನಾನು ಪಾಠ ಹೇಳಿದ ವಿಶ್ವವಿದ್ಯಾಲಯದ ಜಾಲವೂ ಆ ಕೇಂದ್ರದ ಸದಸ್ಯ. ಮಾದರಿಯನ್ನು ಪರೀಕ್ಷಿಸುವ ದಿನ ಅದರ ಪರವಾಗಿ ನಾನೇ ಹೋಗಿದ್ದೆ. ಹನ್ನೊಂದು ಜನ ಕುರ್ಚಿ ಎಳೆದುಕೊಂಡು ಕೂತರು. ಇಮೇಲು ಸರಿಯಾಗಿ ದಾಟಿತು. ನಂತರ ಒಂದನೆಯ ಜಾಲದ ವೀಡಿಯೊ ನಾಲ್ಕನೆಯದಕ್ಕೆ ಹೋಗಬೇಕಿತ್ತು. ನಾಲ್ಕನೆಯದು ಅವಳ ಹಳೆಯ ಕಂಪನಿಯದ್ದು. ಅಲ್ಲಿ ಏನೂ ಬರಲಿಲ್ಲ. ಗೋಡೆಯ ಪರದೆ ಕಪ್ಪಾಗಿಯೇ ಇತ್ತು.

"ಎಲ್ಲಿಗ್ ಹೋಯ್ತಮ್ಮಾ?" ಎಂದರು ಸಮಿತಿಯ ಅಧ್ಯಕ್ಷರು.

"ಗೊತ್ತಾಗ್ತಿಲ್ಲ ಸರ್."

"ಮೂರು ವರ್ಷ ಆಯ್ತು, ಇನ್ನೂ ಗೊತ್ತಾಗ್ತಿಲ್ವಾ?"

ಅರ್ಧ ಗಂಟೆಯಲ್ಲಿ ತೀರ್ಮಾನ ಹೇಳುತ್ತೇವೆಂದು ಎಲ್ಲರೂ ಸಭೆಯ ಕೋಣೆಗೆ ಎದ್ದು ಹೋದರು. ತಮ್ಮನಿರುವ ಕಡೆಯ ತೀರ್ಮಾನದಲ್ಲಿ ಸೇರಬಾರದೆಂದು ನಾನು ಏಳಲಿಲ್ಲ; ಉಳಿದದ್ದು ನಾವು ಮೂವರು. ನನ್ನ ತಮ್ಮ ನನ್ನ ಕಡೆ ನೋಡಿದ ನೋಟದಲ್ಲಿ, "ನಾನು ಹೇಳಿರಲಿಲ್ವಾ" ಎಂಬುದಿತ್ತು.

"ನೀವು ಬರೆದಿರೋ ನಿಯಮ ಎಲ್ಲಾ ತೆಗೀರಿ. ಒಂದೂ ಬಿಡ್ಬೇಡಿ," ಎಂದ ಅವಳಿಗೆ.

"ತೆಗೀತೀನಿ. ಪಕ್ಕದಲ್ಲೇ ಕೂತ್ಕೊಳಿ ಸರ್, ಆಮೇಲೆ ಏನೋ ಮುಚ್ಚಿಟ್ಟೆ ಅನ್ಬೇಡಿ."

ಅವಳು ಒಂದೊಂದಾಗಿ ಓದಿದಳು. ತಪ್ಪು ಕಾಣಲಿಲ್ಲ. ಕೊನೆಗೆ ತಲೆ ಎತ್ತಿದಳು. "ನನ್ನ ಪಟ್ಟೀಲಿ ನಲವತ್ತೊಂದು. ಸ್ವಿಚ್ಚು ನಲವತ್ತೆರಡು ಅಂತಿದೆ. ಒಳಗೇನಿದೆ ನೋಡೋಕೆ ನಿಮ್ಮ ಕಂಪ್ಯೂಟರೇ ಆಗ್ಬೇಕು, ಬೇರೆ ಯಾವುದಕ್ಕೂ ಅನುಮತಿ ಇಲ್ಲ."

ಅವನು ಅದೇ ಕೋಣೆಯಲ್ಲಿದ್ದ ತನ್ನ ಕಂಪ್ಯೂಟರಿನ ಮುಂದೆ ಕೂತು, ಎಂದಿನಂತೆ ಎಡಗೈ ಅಡ್ಡ ಹಿಡಿದು ಪಾಸ್‌ವರ್ಡ್ ಒತ್ತಿದ. ಪರದೆ ತೆರೆಯಿತು. ಅವನು ಅಲ್ಲಾಡಲಿಲ್ಲ. ಬೆನ್ನ ಹಿಂದೆ ನಿಂತು ನಾನೂ ಓದಿದೆ: ನಾಲ್ಕನೆಯ ಜಾಲಕ್ಕೆ ಹೊರಟ ವೀಡಿಯೊವನ್ನೆಲ್ಲ ಈ ಕಂಪ್ಯೂಟರಿಗೆ ಕಳಿಸು. ಹಿಂದಿನ ದಿನ ಹಾಕಿದ್ದು. ಕಳೆದುಹೋದದ್ದೆಲ್ಲ ಇವನ ಯಂತ್ರದಲ್ಲೇ ಬಂದು ಗುಡ್ಡೆ ಬಿದ್ದಿತ್ತು.

ಪರದೆ ಆಚೆ ತಿರುಗಿದ್ದರಿಂದ ಅವಳು ಕೂತಿದ್ದಲ್ಲಿಂದ ಆ ಸಾಲು ಕಾಣುತ್ತಿರಲಿಲ್ಲ. ಒಂದು ಗುಂಡಿ ಒತ್ತಿದರೆ ಅದು ಅಳಿದುಹೋಗುತ್ತಿತ್ತು. ಸ್ವಿಚ್ಚು ಲೆಕ್ಕ ತಪ್ಪಿತ್ತು ಎಂದರೆ ಮುಗಿಯಿತು. ಒತ್ತುತ್ತಾನೆ ಎಂದುಕೊಂಡೆ. ಐವತ್ತು ವರ್ಷದಿಂದ ಬಲ್ಲೆ ಇವನನ್ನು. ಅವನ ಬೆರಳನ್ನೇ ನೋಡುತ್ತಾ ನಿಂತೆ.

"ನಲವತ್ತೆರಡನೇದು ನಂದು," ಎಂದ. "ನಿಮ್ಮ ಮೇಲೆ ಕಣ್ಣಿಡೋಕೆ ಹಾಕಿದ್ದೆ. ಅವರಿಗೂ ಹೋಗ್ಲಿ, ನನಗೊಂದು ನಕಲು ಬರ್ಲಿ ಅಂತ ಬರೀಬೇಕಿತ್ತು. ನಕಲು ಅನ್ನೋದು ಬಿಟ್ಟುಹೋಗಿದೆ."

ಅವಳು ಕುರ್ಚಿಯನ್ನು ಅವನ ಕಡೆ ತಿರುಗಿಸಿದಳು. "ಊರಿಗೆಲ್ಲಾ ತಿರುಗಿ ಫೋನ್ ಮಾಡಿ ಕೇಳ್ತೀರಿ. ನಿಮ್ಮನ್ನ ನೀವು ಒಂದ್ಸಲನೂ ಕೇಳ್ಕೊಳ್ಲಿಲ್ವಾ ಸರ್?"

ಅವನು ಕುರ್ಚಿ ಹಿಂದೆ ತಳ್ಳಿ ಎದ್ದ. "ಹೋಗಿ ಹೇಳ್ತೀನಿ, ತಪ್ಪು ನಂದು, ಇನ್ನೊಂದ್ಸಲ ನೋಡಿ ಅಂತ."

ಪರದೆ ತೆರೆದೇ ಇತ್ತು. ಹದಿನೆಂಟು ವರ್ಷ ಇವನೊಬ್ಬನೇ ಮುಟ್ಟಿದ ಸ್ವಿಚ್ಚು, ಮೇಜಿನ ಮೇಲಿನ ಮಾದರಿಯಲ್ಲ, ನಿಜವಾದದ್ದೇ, ಅದೂ ಆ ಪರದೆಯಲ್ಲಿಯೇ ಇತ್ತು. ಅವಳ ಕುರ್ಚಿ ಅಲ್ಲಿಂದ ಎರಡು ಹೆಜ್ಜೆ ದೂರ.

"ಏಯ್, ಬೀಗ!" ಎಂದೆ.

ಬಾಗಿಲಲ್ಲಿ ನಿಂತು ತಿರುಗಿದ. ಪರದೆಯನ್ನು ನೋಡಿದ, ಅವಳನ್ನು ನೋಡಿದ.

"ಆ ಸಾಲು ನೀವೇ ತೆಗೆದ್ಬಿಡಿ," ಎಂದು ಅವಳಿಗೆ ಹೇಳಿ ಹೊರಗೆ ಹೋದ.