ಮಲಗಿದಾಗ ವಿಭೂತಿ, ಎದ್ದಾಗ ನಾಮ

ನಾನು ಬೆಕ್ಕನ್ನು ಹಣೆ ನೋಡಿ ಆರಿಸಿದವನು. ಎತ್ತಿಗೆ ಸುಳಿ ನೋಡುತ್ತಾರೆ, ಕುದುರೆಗೆ ಹಲ್ಲು ನೋಡುತ್ತಾರೆ, ಎಮ್ಮೆಗೆ ಕೆಚ್ಚಲು ನೋಡುತ್ತಾರೆ. ಬೆಕ್ಕಿಗೆ ಏನು ನೋಡಬೇಕೆಂದು ನಮ್ಮ ಹಿರಿಯರು ಯಾರೂ ಹೇಳಿಹೋಗಿಲ್ಲ. ಅವರಿಗೆ ಆ ಪ್ರಶ್ನೆಯೇ ಎದುರಾಗಿರಲಿಲ್ಲ. ಅವರ ಕಾಲದಲ್ಲಿ ಬೆಕ್ಕು ತಾನಾಗಿ ಬರುತ್ತಿತ್ತು, ಒಲೆಯ ಪಕ್ಕ ಜಾಗ ಹಿಡಿಯುತ್ತಿತ್ತು, ಬೇಸರ ಬಂದಾಗ ಹೊರಟುಹೋಗುತ್ತಿತ್ತು. ಈಗ ಹಾಗಲ್ಲ, ಬೆಕ್ಕನ್ನು ದತ್ತು ತೆಗೆದುಕೊಳ್ಳಬೇಕು. ಅದಕ್ಕೆ ನಾಲ್ಕು ಪುಟದ ಅರ್ಜಿ, ಭಾವಚಿತ್ರ, ಆಧಾರ್. ಮನೆಯ ಕಿಟಕಿಗಳ ಫೋಟೋ ತೆಗೆದು ವಾಟ್ಸಪ್ಪಿನಲ್ಲಿ ಕಳಿಸಬೇಕು. ನನ್ನ ಮಾವನವರು ಮಗಳನ್ನು ಕೊಡುವಾಗ ಇದರಲ್ಲಿ ಕಾಲುಭಾಗ ವಿಚಾರಣೆ ಮಾಡಿದ್ದರೂ ಗಿರಿಜೆ ಇವತ್ತು ಬೇರೆ ಯಾರದೋ ಮನೆಯಲ್ಲಿ ಸುಖವಾಗಿರುತ್ತಿದ್ದಳು. ಈ ಮಾತು ನನ್ನದಲ್ಲ, ಅವಳದೇ.

ನಮಗೆ ಬೆಕ್ಕು ಬೇಕಾದದ್ದು ಇಲಿಗಳಿಂದ. ನೀಲಗಿರಿಯ ಕುಂದಾದ ಪವರ್ ಹೌಸಿನ ಕೆಲಸದಿಂದ ನಿವೃತ್ತನಾಗಿ, ಹಟ್ಟಿಗೆ ಮರಳಿ, ಚೂರು ಟೀ ತೋಟ ನೋಡಿಕೊಂಡು ಇನ್ನು ಹಾಯಾಗಿರೋಣ ಎಂದುಕೊಂಡಿದ್ದೆ. ಇಲಿಗಳೂ ಹಾಗೇ ಅಂದುಕೊಂಡಿದ್ದವೆಂದು ಕಾಣುತ್ತದೆ. ಚಳಿ ಶುರುವಾದೊಡನೆ ತೋಟ ಬಿಟ್ಟು ನಮ್ಮ ಅಟ್ಟಕ್ಕೆ ಬಂದು ನೆಲೆಸಿದವು. ಮೊದಲು ರಾಗಿಯ ಮೂಟೆ ಕೊರೆದವು, ಆಮೇಲೆ ನನ್ನ ಸ್ವೆಟರಿನ ಎಡಗೈ. ನಾನು ಉದಾರಿ, ಬಲಗೈ ಇದೆಯಲ್ಲ ಎಂದು ಸುಮ್ಮನಿದ್ದೆ. ಆದರೆ ಒಂದು ಬೆಳಿಗ್ಗೆ ಅವ್ವೆಯ ಲಿಂಗಪೂಜೆಯ ರೇಷ್ಮೆ ವಸ್ತ್ರ ಜಾಲರಿಯಾಗಿ ಕೈಗೆ ಬಂತು. ಅವ್ವೆ ಎಂದರೆ ನನ್ನ ತಾಯಿ. ಎಂಬತ್ತು ದಾಟಿದ್ದಾಳೆ. ಎಡಗಣ್ಣು ಪೂರ್ತಿ ಹೋಗಿದೆ, ಬಲಗಣ್ಣಿನಲ್ಲಿ ಉಳಿದಿರುವ ಬೆಳಕನ್ನು ಪೂಜೆಗೂ ನನ್ನ ತಪ್ಪುಗಳನ್ನು ಕಂಡುಹಿಡಿಯುವುದಕ್ಕೂ ಹಂಚಿಕೊಂಡಿದ್ದಾಳೆ. ಅವಳು ಹರಿದ ವಸ್ತ್ರವನ್ನು ಬೆರಳಿನಿಂದ ಸವರಿ ನೋಡಿದಳು. ಮನೆಗೆ ಬೆಕ್ಕು ಬರಬೇಕೆಂದು ಅಲ್ಲಿಗೆ ತೀರ್ಮಾನವಾಯಿತು.

ತೀರ್ಮಾನದ ಜೊತೆ ಒಂದು ಕಾನೂನೂ ಬಂತು. "ಅಟ್ಟದ ಮೇಲೆ ಅದು ಏನ ಮಾಡಿದಲೂ ನಾ ಕೇಳೆ. ಆದರೆ ಮೀನು, ಮೊಟ್ಟೆ ಈ ಮನೆಗ ಬರದು," ಎಂದಳು ಅವ್ವೆ. ನಮ್ಮದು ವೀರಶೈವ ಮನೆ, ಇದರಲ್ಲಿ ಹೊಸದೇನಿಲ್ಲ. ಆದರೂ ಈ ಕಾನೂನಿನ ಸೊಗಸನ್ನು ಸ್ವಲ್ಪ ನಿಂತು ನೋಡಬೇಕು. ಇಲಿ ಸಾಯಬೇಕು, ಆದರೆ ಹಿಂಸೆ ಆಗಬಾರದು. ಆಗುವುದಿದ್ದರೆ ಅಟ್ಟದ ಮೇಲೆ ಆಗಬೇಕು. ಅಂದರೆ ನಾನು ಹುಡುಕಬೇಕಾದದ್ದು ಕೊಲ್ಲುವುದರಲ್ಲಿ ಕ್ಷತ್ರಿಯನೂ ಉಣ್ಣುವುದರಲ್ಲಿ ಜಂಗಮನೂ ಆದ ಬೆಕ್ಕು. ಇಂಥ ಅಭ್ಯರ್ಥಿ ಊಟಿಯಲ್ಲಿ ಸಿಗುತ್ತಾನೆಯೇ ಎಂಬ ಅನುಮಾನ ನನಗೆ ಬರಲೇ ಇಲ್ಲ. ಪಿಂಚಣಿದಾರರಿಗೆ ಸಾಮಾನ್ಯವಾಗಿ ಅನುಮಾನ ಬರುವುದಿಲ್ಲ.

ಊಟಿಯ ಪ್ರಾಣಿಗಳ ಆಶ್ರಯಧಾಮದಲ್ಲಿ ಫಿನಾಯಿಲ್ ವಾಸನೆಯೂ ಮೀನಿನ ವಾಸನೆಯೂ ಒಂದನ್ನೊಂದು ತಳ್ಳಾಡುತ್ತಿದ್ದವು. ಬೆಕ್ಕುಗಳನ್ನು ನೋಡಿಕೊಳ್ಳುವವಳು ಶೀಬಾ ಎಂಬ ಗೂಡಲೂರಿನ ಹೆಂಗಸು. ನನಗಾಗಿ ತಮಿಳು ಮಾತಾಡುತ್ತಿದ್ದಳು, ಬೆಕ್ಕುಗಳ ಜೊತೆ ಮಲಯಾಳ. ಮೊಣಕೈವರೆಗೆ ಪರಚಿದ ಗಾಯಗಳು. ಇಷ್ಟು ಅನುಭವ ಇರುವವಳು ಸಲಹೆ ಕೊಟ್ಟರೆ ಕೇಳಬೇಕೆಂದು ಬೇರೆಯವರಿಗೆ ಅನ್ನಿಸುತ್ತಿತ್ತೇನೋ. ನಾನು ಮನೆಯಿಂದಲೇ ಪೂರ್ತಿ ತಿಳಿದುಕೊಂಡು ಹೊರಟವನು.

ಮೊದಲ ಗೂಡಿನ ಕೆಂಚು ಬೆಕ್ಕು ನನ್ನನ್ನು ನೋಡಲಿಲ್ಲ, ನನ್ನ ಕೈಚೀಲವನ್ನು ನೋಡಿತು. ಲಂಚಕೋರ ಎಂದು ಬಿಟ್ಟೆ. ಎರಡನೆಯದು ಕಪ್ಪು. ನನಗೆ ಶಕುನಗಳಲ್ಲಿ ನಂಬಿಕೆಯಿಲ್ಲ. ಆದರೆ ನಮ್ಮ ಹಟ್ಟಿಯಲ್ಲಿ ಒಂದು ಕಪ್ಪು ಬೆಕ್ಕು ಬೆಳಗಿನ ಹೊತ್ತು ನಾಲ್ಕು ಸಲ ರಸ್ತೆ ದಾಟಿದರೆ ಅರ್ಧ ಊರು ಕೆಲಸಕ್ಕೆ ಹೋಗದೆ ವಾಪಸು ಬಂದುಬಿಡುತ್ತದೆ, ಅವರೆಲ್ಲ ನಮ್ಮ ಮನೆಗೇ ಕಾಫಿಗೆ ಬರುತ್ತಾರೆ. ಮೂರನೆಯದು ಕೂನೂರಿನ ಯಾವುದೋ ಬಂಗಲೆಯದು, ಡಬ್ಬಿಯ ಆಹಾರ ಬಿಟ್ಟು ಮುಟ್ಟುವುದಿಲ್ಲವಂತೆ. ಅದರ ಮುಂದೆ ನಾನೇ ಸ್ವಲ್ಪ ಕೈಕಟ್ಟಿ ನಿಂತೆ. ಮರಿಗಳೂ ಇದ್ದವು. ಪ್ಯಾಂಟು ಹಿಡಿದು ಹತ್ತಿದವು, ಮುದ್ದಾಗಿ ಕೂಗಿದವು. ಬರೀ ಮುದ್ದು, ಶೀಲ ಎಂಬುದೇ ಇಲ್ಲ.

ಕೊನೆಯ ಗೂಡಿನಲ್ಲಿ ಒಂದು ಬೂದು ಬೆಕ್ಕು ಒಂದು ಮಗ್ಗುಲಾಗಿ ಮಲಗಿತ್ತು. ಬಡಕಲು ಮೈ, ಅರೆಮುಚ್ಚಿದ ಕಣ್ಣು. ಮೂಗಿನ ಮುಂದೆಯೇ ತಟ್ಟೆಯಲ್ಲಿ ಮೀನಿನ ತುಂಡುಗಳು, ಮುಟ್ಟಿರಲಿಲ್ಲ. ತಟ್ಟೆಯ ಕಡೆ ನೋಡಲೂ ಮನಸ್ಸಿಲ್ಲದ ಹಾಗೆ ಮುಖ ತಿರುಗಿಸಿಕೊಂಡಿತ್ತು. ಹಣೆಯ ಮೇಲೆ ಅಚ್ಚುಕಟ್ಟಾಗಿ, ಅಡ್ಡಕ್ಕೆ, ಮೂರು ಗೆರೆ.

ನನಗೆ ರೋಮಾಂಚನವಾಯಿತು. ಇದು ನಮ್ಮವರ ಬೆಕ್ಕು! ಶೀಬಾ ಏನೋ ಹೇಳಲು ಬಂದಳು: "ನೇತ್ತು ಪಲ್ಲು ಎಡುತ್ತೋಂ ಸಾರ್, ಅದಾನ್ ಸಾಪ್ಪಿಡಲೆ." ನಿನ್ನೆ ಹಲ್ಲು ಕಿತ್ತಿದ್ದಾರೆ, ಅದಕ್ಕೇ ತಿನ್ನುತ್ತಿಲ್ಲ ಎಂದು. ವೈರಾಗ್ಯವನ್ನು ಕಂಡರೆ ಆಶ್ರಯಧಾಮದವರಿಗೆ ಹಲ್ಲುನೋವಿನ ಹಾಗೆ ಕಾಣುವುದು ಸಹಜವೇ ಎಂದುಕೊಂಡೆ. ನಮ್ಮ ಹಳೆಯ ಕತೆಗಳಲ್ಲಿ ಒಂದು ಬೆಕ್ಕು ಜಪಮಾಲೆ ಹಿಡಿದು, ಕಾಶಿಗೆ ಹೋಗಿಬಂದೆನೆಂದು ಇಲಿಗಳನ್ನು ಕೂಡಿಸಿಕೊಂಡು ಉಪದೇಶ ಮಾಡುತ್ತದೆ. ಉಪದೇಶ ಮುಗಿಯುವ ಹೊತ್ತಿಗೆ ಸಭೆಯಲ್ಲಿ ಹಾಜರಿ ಕಡಿಮೆಯಾಗಿರುತ್ತದೆ. ಚಿಕ್ಕಂದಿನಲ್ಲಿ ಆ ಕತೆ ಕೇಳಿ ನಕ್ಕಿದ್ದೆ. ಅದು ಬೆಕ್ಕುಗಳ ಮೇಲೆ ಹೊರಿಸಿದ ಅಪವಾದ ಎಂದು ಆ ಹೊತ್ತು ನನಗೆ ಖಾತ್ರಿಯಾಯಿತು. ಇದು ಸಾತ್ವಿಕ ಪ್ರಾಣಿ, ನೋಡಿ ಅದರ ಹಣೆ, ಎಂದು ಶೀಬಾಳಿಗೆ ವಿವರಿಸಿದೆ.

ಅವಳು ನನ್ನನ್ನೊಮ್ಮೆ ಬೆಕ್ಕನ್ನೊಮ್ಮೆ ನೋಡಿದಳು. "ಪೂನೈ ಸಾರ್ ಇದು. ಸಾಮಿಯಾರ್ ಇಲ್ಲೆ," ಎಂದಳು. ಇದು ಬೆಕ್ಕು, ಸನ್ಯಾಸಿಯಲ್ಲ ಎಂದು.

ಅರ್ಜಿಯಲ್ಲಿ 'ಏನು ಆಹಾರ ಕೊಡುತ್ತೀರಿ' ಎಂಬ ಕಡೆ ನಾನು 'ಅಗತ್ಯಕ್ಕೆ ತಕ್ಕಂತೆ' ಎಂದು ಬರೆದಿದ್ದೆ. ಸರ್ಕಾರಿ ಕೆಲಸದಲ್ಲಿ ಈ ಎರಡು ಪದಗಳಿಂದ ನಾನು ಏನೇನೋ ದಾಟಿದ್ದೇನೆ. ಶೀಬಾಳನ್ನು ದಾಟಲಾಗಲಿಲ್ಲ. ಹಾಲು ಅನ್ನ ತಿಂದು ಬೆಕ್ಕು ಬದುಕುವುದಿಲ್ಲ, ಮೀನೋ ಕೋಳಿಯೋ ಮೊಟ್ಟೆಯೋ ದಿನಾ ಬೇಕು, ಇಲ್ಲದಿದ್ದರೆ ಬರಬರುತ್ತಾ ಕಣ್ಣು ಹೋಗುತ್ತದೆ ಎಂದಳು. ಮೂರು ತಿಂಗಳಿಗೆ ತಾನೇ ಮನೆಗೆ ಬಂದು ತೂಕ ನೋಡುವುದಾಗಿಯೂ, ಸರಿಯಿಲ್ಲದಿದ್ದರೆ ಬೆಕ್ಕನ್ನು ವಾಪಸು ಒಯ್ಯುವುದಾಗಿಯೂ ತಿಳಿಸಿದಳು. ನಾನು ಬರೆದದ್ದನ್ನು ಹೊಡೆದುಹಾಕಿ 'ಮೀನು, ದಿನಾಲೂ' ಎಂದು ಬರೆದು ಸಹಿ ಮಾಡಿದೆ. ನಮ್ಮ ವಂಶದಲ್ಲಿ ಮೀನಿನ ಪಕ್ಕ ಸಹಿ ಮಾಡಿದವನು ನಾನೊಬ್ಬನೇ.

ಮನೆಯ ಜಗಲಿಯಲ್ಲಿ ಬುಟ್ಟಿ ತೆರೆದಾಗ ಬೆಕ್ಕು ಹೊರಗೆ ಬಂತು, ಮೈಮುರಿಯಿತು, ಬಾಲ ಸುತ್ತಿಕೊಂಡು ನೆಟ್ಟಗೆ ಕೂತಿತು. ಅದರ ಜೊತೆಗೆ ಹಣೆಯ ಮೂರು ಗೆರೆಗಳೂ ನೆಟ್ಟಗೆ ನಿಂತವು. ಅಲ್ಲಿಯವರೆಗೂ ಅದು ಮಲಗಿದ್ದನ್ನು ಮಾತ್ರ ನಾನು ನೋಡಿದ್ದೆನಲ್ಲ! ಅವ್ವೆ ಅದನ್ನೆತ್ತಿ ಬಲಗಣ್ಣಿನ ಹತ್ತಿರ ಹಿಡಿದಳು. ನಾನು ಟೀ ತೋಟದ ಕಡೆ ನೋಡುತ್ತಾ ನಿಂತೆ. "ವಿಭೂತಿ ಅಂದೆಯಲ್ಲವ? ಇದು ನಾಮದ ಕೊತ್ತಿ," ಎಂದಳು ಅವ್ವೆ. ಕೊತ್ತಿ ಅಂದರೆ ನಮ್ಮ ಕಡೆ ಬೆಕ್ಕು. ಗಿರಿಜೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ಬೆಕ್ಕಸ ಬೆರಗಾಗುವುದು ಎನ್ನುತ್ತೇವೆ. ಆ ಬೆಕ್ಕಸಕ್ಕೂ ಬೆಕ್ಕಿಗೂ ಸಂಬಂಧವಿಲ್ಲವೆಂದು ಬಲ್ಲವರು ಹೇಳಿಯಾರು. ಅವರು ಆವತ್ತು ನಮ್ಮ ಜಗಲಿಯಲ್ಲಿ ಇರಲಿಲ್ಲ.

ನಾಲ್ಕು ದಿನಕ್ಕೆ ಹಲ್ಲಿನ ಗಾಯ ಮಾಯಿತು, ವೈರಾಗ್ಯವೂ ಮಾಯಿತು. ಅವ್ವೆ ರಾಗಿ ಹಿಟ್ಟಿನ ಉಂಡೆಯನ್ನು ಹಾಲಿನಲ್ಲಿ ಕಿವುಚಿ ಇಟ್ಟಳು. ಬೆಕ್ಕು ಅದನ್ನು ಮೂಸಿ, ನಮ್ಮ ಮೂವರ ಮುಖವನ್ನೂ ಒಂದೊಂದಾಗಿ ನೋಡಿತು. ತಮಾಷೆ ಸಾಕು, ಊಟ ಎಲ್ಲಿ ಎಂದು ಕೇಳುವ ನೋಟ ಅದು. ಅಟ್ಟಕ್ಕೆ ಹತ್ತಿಸಿದರೆ ಅರ್ಧ ಗಂಟೆಯಲ್ಲಿ ಇಳಿದು ಬಂತು. ಇಲಿ ಹಿಡಿಯಲು ಮೈಯಲ್ಲಿ ಶಕ್ತಿ ಬೇಕಲ್ಲ. ಹಾಲು ಕುಡಿದು, ಬೆಳಿಗ್ಗೆ ಅವ್ವೆ ಪೂಜೆಗೆ ಕೂತಾಗ ಅವಳ ಮಗ್ಗುಲಲ್ಲಿ ಕೂತು, ಮಧ್ಯಾಹ್ನ ನನ್ನ ತೊಡೆಯ ಮೇಲೆ ಮಲಗಿ, ದಿನೇ ದಿನೇ ಇನ್ನಷ್ಟು ಹಗುರಾಯಿತು. ಕಣ್ಣಿನ ವಿಷಯವನ್ನು ನಾನು ಅಡುಗೆಮನೆಯಲ್ಲಿ, ಸ್ಕೂಲಿನಲ್ಲಿ ಪಾಠ ಮುಗಿಸಿ ಬಂದ ಗಿರಿಜೆಗೆ ಮೆಲ್ಲಗೆ ಹೇಳಿದೆ. ಅವ್ವೆ ಪಕ್ಕದ ಕೋಣೆಯಲ್ಲಿ ಬತ್ತಿ ಹೊಸೆಯುತ್ತಿದ್ದಳು. ಅವಳಿಗೆ ಕಿವಿ ಚೆನ್ನಾಗಿದೆ ಎಂಬುದನ್ನು ನಾನು ಯಾವಾಗಲೂ ಮರೆಯುತ್ತೇನೆ.

ಇಲ್ಲಿ ವ್ಯಂಗ್ಯ ಬಿಟ್ಟು ಒಂದು ಮಾತು ಹೇಳಿಬಿಡುತ್ತೇನೆ. ಆ ಬೆಕ್ಕಿನ ಮೇಲೆ ನನಗೆ ಜೀವವಾಗಿತ್ತು. ಮೂವತ್ತು ವರ್ಷ ಟರ್ಬೈನಿನ ಗುಂಯ್‌ಗುಡುವಿಕೆಯನ್ನು ಕೇಳಿ ಮನೆಗೆ ಬಂದವನಿಗೆ ಮೌನ ಹಿಡಿಸುವುದಿಲ್ಲ. ತೊಡೆಯ ಮೇಲೆ ಮತ್ತೆ ಏನೋ ಒಂದು ಸಣ್ಣಗೆ ಗುಂಯ್‌ಗುಡತೊಡಗಿದಾಗ ನನ್ನ ಕೈಗೆ ಕೆಲಸ ಸಿಕ್ಕಿದಂತಾಗಿತ್ತು. ಅದನ್ನು ವಾಪಸು ಕೊಡುವುದು ನನ್ನಿಂದಾಗದು. ಅವ್ವೆಯ ಎದುರು ನಿಂತು ಮೀನು ತರುತ್ತೇನೆ ಎನ್ನುವುದು ಅದಕ್ಕಿಂತಲೂ ಆಗದು.

ಆದ್ದರಿಂದ ಗಂಡಸರು ಮಾಡುವುದನ್ನೇ ನಾನೂ ಮಾಡಿದೆ. ಯಾರಿಗೂ ಹೇಳದೆ ಸ್ಕೂಟರಿನಲ್ಲಿ ಹತ್ತಿರದ ಮಂಜೂರಿನ ಪೇಟೆಗೆ ಹೋಗಿ ಒಣ ನೆತ್ತಿಲಿ ಮೀನು ಕೇಳಿದೆ. ಎಷ್ಟು ಜನಕ್ಕೆ ಎಂದ ಅಂಗಡಿಯವನು. ಬೆಕ್ಕಿಗೆ ಎಂದೆ. ಅವನು ತಲೆಯಾಡಿಸಿ ನಕ್ಕ. ನನ್ನ ಹಾಗೆ ಹಣೆಯಲ್ಲಿ ವಿಭೂತಿ ಹೊತ್ತು ಬಂದು ಬೆಕ್ಕಿಗೆ ಮೀನು ಕೊಳ್ಳುವ ಗಿರಾಕಿಗಳು ಅವನಿಗೆ ಇನ್ನೂ ಹಲವರಿದ್ದಾರೆಂದು ಆ ನಗು ಹೇಳಿತು. ಪೊಟ್ಟಣವನ್ನು ತೋಟದ ಮೂಲೆಯ ಎಲೆ ಶೆಡ್ಡಿನಲ್ಲಿ, ನನ್ನ ಹಳೆಯ ಸ್ಪ್ಯಾನರ್ ಚೀಲದಲ್ಲಿ ಬಚ್ಚಿಟ್ಟೆ. ದಿನಾ ಮಧ್ಯಾಹ್ನ ಕಳ್ಳಬೆಕ್ಕಿನ ಹೆಜ್ಜೆಯಲ್ಲಿ ನಾನು ಮುಂದೆ, ನಿಜವಾದ ಬೆಕ್ಕು ರಾಜಾರೋಷವಾಗಿ ಹಿಂದೆ. ಸ್ಕೂಟರು ನಾರುತ್ತದಲ್ಲ ಎಂದು ಯಾರಾದರೂ ಕೇಳಿದರೆ ಹೊಸ ಗೊಬ್ಬರ ಎನ್ನೋಣವೆಂದು ಉತ್ತರ ಸಿದ್ಧಮಾಡಿಟ್ಟುಕೊಂಡಿದ್ದೆ. ವಿಚಿತ್ರವೆಂದರೆ ಮನೆಯಲ್ಲಿ ಯಾರೂ ಕೇಳಲಿಲ್ಲ.

ಮೂರು ತಿಂಗಳಿಗೆ ಸರಿಯಾಗಿ ಶೀಬಾ ಬಂದಳು. ತೂಕದ ಯಂತ್ರ ತಂದಿದ್ದಳು, ಅದರ ಬ್ಯಾಟರಿ ಸತ್ತಿತ್ತು. ಕೊನೆಗೆ ಬೆಕ್ಕನ್ನು ಟೀ ಎಲೆಯ ಚೀಲಕ್ಕಿಳಿಸಿ, ಎಲೆ ತೂಗುವ ತಕ್ಕಡಿಯ ಕೊಂಡಿಗೆ ನೇತುಹಾಕಿದೆವು. ಅದು ಚೀಲದ ಬಾಯಿಂದ ತಲೆ ಹೊರಗೆ ಹಾಕಿ ಫ್ಯಾಕ್ಟರಿಗೆ ಹೊರಟ ಮೊದಲ ದರ್ಜೆಯ ಎಲೆಯ ಹಾಗೆ ಕೂತಿತ್ತು. ಒಯ್ದಾಗ ಎರಡು ಮುಕ್ಕಾಲು ಕಿಲೋ ಎಂದು ಅವಳ ಚೀಟಿಯಲ್ಲಿತ್ತು. ಮುಳ್ಳು ಐದಕ್ಕೆ ಹೋಗಿ ನಿಂತಿತು.

ಶೀಬಾ ಚೀಟಿಯನ್ನೂ ಮುಳ್ಳನ್ನೂ ಎರಡೆರಡು ಸಲ ನೋಡಿದಳು. ಇದು ಒಬ್ಬರು ಹಾಕಿದ ಊಟವಲ್ಲ, ಯಾರು ಯಾರು ಏನೇನು ಕೊಡುತ್ತೀರಿ, ಬರೆದುಕೊಳ್ಳಬೇಕು, ಹೇಳಿ ಎಂದಳು. ಅವ್ವೆ ಎರಡು ಮಾರು ದೂರದಲ್ಲಿ ಜಗಲಿಯ ಮೇಲೆ ಕೂತಿದ್ದಳು. ಹಾಲು ಅನ್ನ ಎಂದರೆ ಬೆಕ್ಕು ಹೋಗುತ್ತದೆ. ಮೀನು ಎಂದರೆ ಈ ವಯಸ್ಸಿನಲ್ಲಿ ಅವ್ವೆಯ ಮನಸ್ಸು ಮುರಿಯುತ್ತದೆ. ಆದರೂ ಹೇಗೋ ಬಾಯಿಬಿಟ್ಟೆ. "ನೆತ್ತಿಲಿ. ನಾನೇ ಕೊಡ್ತೀನಿ. ಶೆಡ್ಡಲ್ಲಿ."

ಆಮೇಲೆ ಗಿರಿಜೆ ನೆಲ ನೋಡುತ್ತಾ, "ಬೇಯಿಸಿದ ಮೊಟ್ಟೆ. ಸಂಜೆಗೊಂದು. ಸ್ಕೂಲಿಂದ ಬರುವಾಗ ಟಿಫಿನ್ ಡಬ್ಬಿಯಲ್ಲಿ ತರ್ತೀನಿ, ಮಾಮಿ," ಎಂದಳು, ಶೀಬಾಳಿಗಲ್ಲ, ಅತ್ತೆಗೆ.

ಅವ್ವೆ ಎದ್ದಳು. ಗೋಡೆ ಹಿಡಿದುಕೊಂಡು ಸೌದೆಮನೆಯ ಕಡೆ ನಡೆದಳು. ಬೆಕ್ಕು ಬಂದ ಬುಟ್ಟಿಯನ್ನು ಹುಡುಕಿ ತಂದು ಅದನ್ನು ಇವತ್ತೇ ಕಳಿಸಿಬಿಡುತ್ತಾಳೆ ಎಂದು ನಾನು ಮನಸ್ಸು ಗಟ್ಟಿ ಮಾಡಿಕೊಂಡೆ. ಅವಳು ಮರಳಿದಾಗ ಕೈಯಲ್ಲಿ ಒಂದು ತೆಂಗಿನ ಚಿಪ್ಪಿತ್ತು. ತಳದಲ್ಲಿ ಮೀನಿನ ತಲೆಯ ಚೂರು ಅಂಟಿತ್ತು. ನಮ್ಮ ತೋಟಕ್ಕೆ ಎಲೆ ಕೀಳಲು ಬರುವ ಕೆಳಹಟ್ಟಿಯ ಲಚ್ಚಿ, ನಾನು ಅಡುಗೆಮನೆಯಲ್ಲಿ ಕಣ್ಣಿನ ಮಾತಾಡಿದ ಮಾರನೆಯ ದಿನದಿಂದಲೇ ತಂದು ಹಾಕುತ್ತಿದ್ದಾಳಂತೆ. ಹೇಳಿ ತರಿಸುತ್ತಿದ್ದವಳು ಅವ್ವೆ.

"ಬರೆದುಕೋ ಕೂಸೆ," ಎಂದಳು ಶೀಬಾಳಿಗೆ. ಆಮೇಲೆ ನನ್ನ ಕಡೆ ತಿರುಗಿದಳು. "ನಾ ತಿನ್ನೆ. ಅದಗ ತಿನ್ನಬೇಡ ಹೇಳಲೆ ನಾ ದಾರ? ಎನ್ನ ಕಣ್ಣು ಹೋದದು ಸಾಲದ? ಅದಗೂ ಹೋಗಬೇಕ?"

ನನಗೆ ಕಣ್ಣಲ್ಲಿ ನೀರು ಬಂತು. ಗೊಬ್ಬರದ ವಾಸನೆಗೆ ಎನ್ನುವ ಉತ್ತರವೂ ಆಗ ನೆನಪಾಗಲಿಲ್ಲ. ಅವಳ ಕಾನೂನಿಗೆ ಹೆದರಿ ಮೂರು ತಿಂಗಳು ಶೆಡ್ಡಿಗೆ ಓಡಾಡಿದ ನಾನು, ಆ ಕಾನೂನು ಮಾಡಿದವಳನ್ನು ಒಂದು ಮಾತು ಕೇಳಿ ನೋಡಿರಲಿಲ್ಲ. ಬೆಕ್ಕಿಗಾದರೆ ನಾಲ್ಕು ಪುಟದ ಪ್ರಶ್ನೆಗಳಿಗೆ ಉತ್ತರ ಬರೆದಿದ್ದೆ.

ಶೀಬಾ ಬೆಕ್ಕನ್ನು ಬಿಟ್ಟುಹೋದಳು. ಮೂವರಲ್ಲಿ ಇಬ್ಬರು ಕೊಡುವುದನ್ನು ನಿಲ್ಲಿಸಬೇಕೆಂದು ಚೀಟಿಯಲ್ಲಿ ಬರೆದಳು. ಆ ಇಬ್ಬರು ಯಾರೆಂಬುದು ಇನ್ನೂ ಇತ್ಯರ್ಥವಾಗಿಲ್ಲ. ಈಗ ಬೆಳಗಿನ ಪೂಜೆ ಮುಗಿದ ಮೇಲೆ ಅವ್ವೆ ತನ್ನ ವಿಭೂತಿಯ ಬೆರಳುಗಳನ್ನು ಪಕ್ಕದಲ್ಲಿ ಕೂತ ಬೆಕ್ಕಿನ ಹಣೆಗೆ ಒರೆಸುತ್ತಾಳೆ. ಉದ್ದಕ್ಕೆ ಮೂರು ಅದು ಹುಟ್ಟಿನಿಂದ ತಂದದ್ದು, ಅಡ್ಡಕ್ಕೆ ಮೂರು ನಮ್ಮ ಮನೆಯದು. ಹಣೆ ಚೌಕುಳಿ ಲುಂಗಿಯ ಹಾಗಾಗಿದೆ. ಈಗ ಅದು ಕೂತರೂ ಸರಿ, ಮಲಗಿದರೂ ಸರಿ.

ದಿನಕ್ಕೆ ಮೂರು ಊಟ ಮಾಡುವ ಬೆಕ್ಕು ಅಟ್ಟ ಹತ್ತುವುದಿಲ್ಲ. ಮೇಲೆ ಇಲಿಗಳು ಕ್ಷೇಮವಾಗಿವೆ, ಸ್ವೆಟರಿನ ಬಲಗೈ ಮುಗಿಸಿವೆ. ಬಂದ ನೆಂಟರಿಗೆ ಅವ್ವೆ ಈಗಲೂ ನಮ್ಮದು ಶುದ್ಧ ಮನೆ ಎಂದೇ ಹೇಳುತ್ತಾಳೆ. ಅದು ಸುಳ್ಳಲ್ಲ. ಒಂದು ಸುಳ್ಳೂ ಹೇಳದೆ, ಏನನ್ನೂ ಬಚ್ಚಿಡದೆ, ರಾಗಿಯನ್ನಷ್ಟೇ ತಿಂದುಕೊಂಡಿರುವವು ನಮ್ಮ ಅಟ್ಟದಲ್ಲಿ ಇನ್ನೂ ಹದಿನೈದಿಪ್ಪತ್ತಾದರೂ ಇವೆ.