ಸಾಹೇಬರು ಏಳುವ ತನಕ

ನನ್ನ ಅಣ್ಣನ ಮಗಳು ಬಿಸಿನೆಸ್ ಡಿಗ್ರಿ ಮಾಡಲು ಕಡಲು ದಾಟಿ ನಾನಿರುವ ಈ ಊರಿಗೆ ಬಂದಾಗ, ವಿಮಾನ ನಿಲ್ದಾಣದಿಂದ ಮನೆಯವರೆಗೂ ಅವಳ ಬಾಯಿಂದ ಬಂದದ್ದು ಒಂದೇ ಮಾತು: "ಪರವಾಗಿಲ್ಲ ಅತ್ತೆ." ಹಸಿವಾಗಿದೆಯಾ ಎಂದರೂ ಪರವಾಗಿಲ್ಲ, ಚಳಿಯಾಗ್ತಿದೆಯಾ ಎಂದರೂ ಪರವಾಗಿಲ್ಲ. ಚಿಕ್ಕಂದಿನಿಂದಲೂ ಹಾಗೆಯೇ. ಗುಮ್ಮನಗುಸುಕ ಎಂದು ನಾನೇ ಇಟ್ಟ ಹೆಸರು ಕರೆದೂ ಕರೆದೂ ಸವೆದು ಗುಮ್ಮಿ ಎಂದಾಗಿತ್ತು. ನನಗೋ ಬಾಯಿ ಬಿಗಿಹಿಡಿದು ಅಭ್ಯಾಸವಿಲ್ಲ. ಹಳೇ ಬಟ್ಟೆಗೆ ಹೊಲಿಗೆ ಹಿಡಿದು ಬಿಗಿ ಮಾಡುವುದು, ಬಿಚ್ಚಿ ಸಡಿಲ ಮಾಡುವುದು ನನ್ನ ಅಂಗಡಿಯ ಕೆಲಸ. "ಹೋದ ವರ್ಷದ ಅಳತೆಯೇ ಇರಲಿ" ಎನ್ನುವವರ ಸೊಂಟಕ್ಕೆ ಟೇಪು ಸುತ್ತಿ, ನಿಜವನ್ನು ಮುಖದ ಮೇಲೆ ಹೇಳಿಯೇ ಬದುಕಿದವಳು ನಾನು.

ಅಂಗಡಿಯ ಮೇಲಿನ ಕೋಣೆಯಲ್ಲಿ, ಗಿರಾಕಿಗಳು ಬಿಟ್ಟುಹೋದ ಪ್ಯಾಂಟು ಕೋಟುಗಳನ್ನೆಲ್ಲ ಒಂದು ಮೂಲೆಗೆ ತಳ್ಳಿ ಅವಳಿಗೆ ಜಾಗ ಮಾಡಿಕೊಟ್ಟೆ. ಓದಿದಳು, ಸುಳ್ಳು ಹೇಳಬಾರದು, ಚೆನ್ನಾಗಿಯೇ ಓದಿದಳು. ಆದರೆ ಕಾಲೇಜಿನಲ್ಲಿ ಎಲ್ಲವೂ ಗುಂಪಿನ ಕೆಲಸವಂತೆ. ಗುಂಪಿನ ಲೆಕ್ಕಾಚಾರ, ಚಿತ್ರ, ಬರಹ ಎಲ್ಲ ಇವಳ ತಲೆಯ ಮೇಲೆ. ತರಗತಿಯ ಮುಂದೆ ಅದನ್ನು ಒಪ್ಪಿಸುವ ದಿನ ಬಂದಾಗ ಉಳಿದವರು ಇಸ್ತ್ರಿ ಬಟ್ಟೆ ಹಾಕಿಕೊಂಡು ಮುಂದೆ ನಿಂತು ಭಾಷಣ ಬಿಗಿಯುವುದು, ಇವಳು ಪಕ್ಕದಲ್ಲಿ ಕೂತು ಪರದೆಯ ಚಿತ್ರ ಬದಲಿಸುವ ಗುಂಡಿ ಒತ್ತುವುದು. ಕೇಳಿ ನನಗೆ ಮೈಯೆಲ್ಲ ಉರಿದುಹೋಯಿತು.

"ಹೋಗ್ಲಿ ಬಿಡಿ ಅತ್ತೆ, ಮಾರ್ಕ್ಸ್ ಎಲ್ಲರಿಗೂ ಒಂದೇ ಅಲ್ವಾ" ಎಂದಳು.

ತಮಾಷೆ ಏನು ಗೊತ್ತೇ? ಬೇರೆ ಬೇರೆ ದೇಶದವರು ಕೆಲಸದ ಜಾಗದಲ್ಲಿ ಒಬ್ಬರಿಗೊಬ್ಬರು ಹೇಗೆ ಮಾತಾಡಬೇಕು ಎಂಬ ಒಂದು ವಿಷಯವಿತ್ತು. ಇಡೀ ತರಗತಿಗೆ ಅದರಲ್ಲಿ ಮೊದಲು ಬಂದವಳು ನಮ್ಮ ಗುಮ್ಮಿ! ಬಾಯೇ ಬಿಡದೆ!

ಡಿಗ್ರಿ ಮುಗಿದ ಮೇಲೆ ಕೆಲಸ ಹುಡುಕಿ ಹುಡುಕಿ ಚಪ್ಪಲಿ ಸವೆಯಿತು. ಹೊರದೇಶದವಳು ಎಂದು ತಿಳಿದ ಕೂಡಲೇ ಎಲ್ಲರದೂ ಒಂದೇ ರಾಗ, ಆಮೇಲೆ ತಿಳಿಸುತ್ತೇವೆ ಎಂದು. ಕೊನೆಗೆ ಬಾಗಿಲಿನ ಹಿಡಿಕೆ, ಕೀಲು, ಚಿಲಕ ಮಾರುವ ಒಂದು ಕಂಪನಿ ತೆಗೆದುಕೊಂಡಿತು. ಗೋದಾಮಿನಲ್ಲಿ ಯಾವ ಮಾಲು ಎಷ್ಟು ಉಳಿದಿದೆ, ಯಾವುದನ್ನು ಮತ್ತೆ ತರಿಸಬೇಕು ಎಂದು ನೋಡುವ ಕೆಲಸ. ಆರು ತಿಂಗಳು ಪರೀಕ್ಷೆಯ ಅವಧಿ. ಆಮೇಲೆ ಖಾಯಂ ಮಾಡಿದರೆ ಕಂಪನಿಯೇ ಸಹಿ ಹಾಕಿ ಇವಳನ್ನು ಈ ದೇಶದಲ್ಲಿ ಉಳಿಸಿಕೊಳ್ಳುತ್ತದೆ. ಇಲ್ಲವಾದರೆ ಗಂಟುಮೂಟೆ ಕಟ್ಟಿಕೊಂಡು ವಾಪಸ್ಸು. ಇವಳಿಗೆ ವಾಪಸ್ಸು ಹೋಗಲು ಒಂದಿಷ್ಟೂ ಮನಸ್ಸಿರಲಿಲ್ಲ. ಆ ಕೆಲಸ ಅವಳಿಗೆ ನಿಜವಾಗಿಯೂ ಹಿಡಿಸಿತ್ತು. ನನ್ನ ಮನೆಯ ಬಾಗಿಲಿನ ಕೀಲುಗಳನ್ನು ಸಹ ಬಗ್ಗಿ ನೋಡಿ, ಇದು ಯಾವ ಜಾತಿಯದು ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು.

ಆದರೆ ದಿನಾ ತಡ. ನಾನು ಅಂಗಡಿ ಮುಚ್ಚಿ, ಅಡುಗೆ ಮುಗಿಸಿ, ಕಿಟಕಿಯಲ್ಲಿ ಕತ್ತು ಚಾಚಿ ಕೂತರೂ ಇವಳ ಸುಳಿವಿಲ್ಲ. ಬಂದವಳ ಮುಖ ಬಾಡಿ ಇಷ್ಟಾಗಿರುತ್ತಿತ್ತು. ಕೇಳಿದರೆ "ಕೆಲಸ ಇತ್ತು ಅತ್ತೆ." ಆ ಮ್ಯಾನೇಜರು ನಮ್ಮ ಹುಡುಗಿಯನ್ನು ಗಾಣಕ್ಕೆ ಹಾಕಿದ್ದಾನೆ ಎಂದುಕೊಂಡು, ಮುಖ ನೋಡದ ಆ ಮನುಷ್ಯನಿಗೆ ನಾನು ದಿನವೂ ಸಹಸ್ರನಾಮ ಮಾಡುತ್ತಿದ್ದೆ.

ಆರು ತಿಂಗಳು ಮುಗಿಯಲು ಇನ್ನು ಕೆಲವೇ ವಾರ ಇದ್ದಾಗ ಒಂದು ಸಂಜೆ ಬಂದು ಹೊಲಿಗೆ ಮೆಷಿನ್ನಿನ ಪಕ್ಕದ ಸ್ಟೂಲಿನಲ್ಲಿ ಕುಸಿದಳು. ಮ್ಯಾನೇಜರು ಕರೆದು ಮಾತಾಡಿದ್ದರಂತೆ.

"ಕೆಲಸದಲ್ಲಿ ತಪ್ಪಿಲ್ಲ, ಆದ್ರೆ ತುಂಬಾ ನಿಧಾನ ಅಂದ್ರು. ಎಲ್ಲರೂ ಸಂಜೆಗೆ ಮುಗಿಸೋದನ್ನ ನಾನು ಕತ್ತಲಾಗೋವರೆಗೂ ಎಳೀತೀನಂತೆ. ಖಾಯಂ ಮಾಡೋಕಾಗಲ್ಲ ಅಂತ ಬರೀತಾರಂತೆ."

"ನೀನೇನಂದೆ?"

"ಸರಿ ಅಂದೆ."

"ಸರಿ ಅಂದ್ಯಾ! ಅಯ್ಯೋ ನಿನ್ನ! ಅಷ್ಟೊಂದು ಕೆಲಸ ತಲೆ ಮೇಲೆ ಹೇರಿದ್ದು ಯಾರು ಅಂತ ಕೇಳಬೇಕಿತ್ತು!"

"ಕೆಲಸ ಮಧ್ಯಾಹ್ನ ಕಾಫಿ ಹೊತ್ತಿಗೇ ಮುಗ್ದಿರುತ್ತೆ ಅತ್ತೆ."

ನನ್ನ ಕೈಯಲ್ಲಿದ್ದ ಕತ್ತರಿ ಅಲ್ಲಿಯೇ ನಿಂತಿತು. "ಮತ್ತೆ ಕತ್ತಲಾಗೋ ತನಕ ಅಲ್ಲೇನು ಮಾಡ್ತಿದ್ದೆ?"

"ಅವರಿನ್ನೂ ಕೂತಿರ್ತಾರೆ. ಮೇಲಿನವರು ಕೂತಿರೋವಾಗ ನಾನು ಹೇಗೆ ಏಳ್ಲಿ? ಅಪ್ಪ ಯಾವತ್ತಾದ್ರೂ ಸಾಹೇಬರಿಗಿಂತ ಮುಂಚೆ ಎದ್ದು ಬಂದಿದ್ರಾ?"

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವಳ ಅಪ್ಪ, ಅಂದರೆ ನನ್ನ ಅಣ್ಣ, ಗುಮಾಸ್ತನಾಗಿದ್ದವನು. ಸಾಹೇಬರ ಕುರ್ಚಿ ಸದ್ದಾಗುವವರೆಗೆ ಪೆನ್ನಿಗೆ ಮುಚ್ಚಳ ಹಾಕಿದವನಲ್ಲ. ಆ ಮನೆಯ ಮಗಳು ಮತ್ತೇನು ಮಾಡಿಯಾಳು? ಆದರೂ ನನಗೆ ತಡೆಯಲಿಲ್ಲ.

"ನಾಳೆ ಹೋಗಿ ಈಗ ನಂಗೆ ಹೇಳಿದ್ದನ್ನ ಹಾಗೇ ಅವರಿಗೂ ಹೇಳು."

"ಎದುರು ಮಾತಾಡಿದ ಹಾಗಾಗುತ್ತೆ."

"ಎದುರು ಮಾತಲ್ಲ ಕಣೇ, ಇರೋ ಮಾತು! ನೀನು ಹೇಳ್ತೀಯೋ, ಇಲ್ಲಾ ಟೇಪು ಕತ್ತಿಗೆ ಹಾಕ್ಕೊಂಡು ನಾನೇ ಬರ್ಲೋ?"

ದೇಶ ಬಿಡುವುದಕ್ಕಿಂತ ಹೆಚ್ಚಾಗಿ ಅವಳು ಹೆದರಿದ್ದು ಇದಕ್ಕೆ. ಮಾರನೆಯ ದಿನ ಹೇಳಿದಳು. ಮ್ಯಾನೇಜರ ಕೋಣೆಯ ಗಾಜಿನ ಬಾಗಿಲ ಬಳಿ ನಿಂತು, ಕಣ್ಣನ್ನು ನೆಲಕ್ಕೆ ಹಾಕಿಕೊಂಡು, ಒಂದೇ ಉಸಿರಿಗೆ. ಮ್ಯಾನೇಜರು ಬಾಯಿ ತೆರೆದವರು ಮುಚ್ಚಲೇ ಇಲ್ಲವಂತೆ.

"ನಾನಾ? ನನ್ನ ಕೆಲಸ ಎಲ್ಲರ ಜೊತೆಗೇ ಮುಗಿಯುತ್ತೆ! ನಿಮಗೋಸ್ಕರ ಕೂತಿದ್ದೆ ನಾನು!"

ಖಾಯಂ ಆಗದವರನ್ನು ಗೋದಾಮಿನಲ್ಲಿ ಒಬ್ಬರನ್ನೇ ಬಿಟ್ಟು ಹೋಗಬಾರದು ಎಂದು ಅಲ್ಲಿ ನಿಯಮ. ಬೀಗ ಹಾಕುವ ಹೊಣೆ ಅವರದು. ಪಾಪದ ಹುಡುಗಿ, ಮುಗಿಸಿಕೊಳ್ಳಲಿ, ಅವಸರ ಮಾಡಬಾರದು ಎಂದು ಆ ಪುಣ್ಯಾತ್ಮ ಇಷ್ಟು ತಿಂಗಳಿಂದ ಕಂಪ್ಯೂಟರಿನಲ್ಲಿ ಇಸ್ಪೀಟು ಆಡುತ್ತ ಕೂತಿದ್ದರು. ಅವರ ಹೆಂಡತಿ ಮುನಿದು ಮಾತೇ ಬಿಟ್ಟಿದ್ದಳಂತೆ. ಪಕ್ಕದ ಮೇಜಿನ ಲೆಕ್ಕ ಬರೆಯುವ ಹೆಂಗಸು ಇದನ್ನು ಕೇಳಿ ನಕ್ಕು ನಕ್ಕು ನೆತ್ತಿಗೆ ಹತ್ತಿಸಿಕೊಂಡಳಂತೆ.

ಸದ್ಯ, ವರದಿ ಇನ್ನೂ ಮೇಲಿನವರಿಗೆ ಹೋಗಿರಲಿಲ್ಲ. ಉಳಿದ ವಾರಗಳಲ್ಲಿ ಸರಿಯಾದ ಹೊತ್ತಿಗೆ ಎದ್ದು ತೋರಿಸಿ, ಆಮೇಲೆ ನೋಡೋಣ ಎಂದರು ಮ್ಯಾನೇಜರು. ಮೊದಲ ಸಂಜೆ ಅವರ ಮುಂದೆ ಇವಳು ಬ್ಯಾಗು ಎತ್ತಿ, ಇಟ್ಟು, ಮತ್ತೆ ಎತ್ತಿಕೊಂಡಳಂತೆ. ಅವರು ಅದಾಗಲೇ ಬೀಗದ ಕೈ ಹಿಡಿದು ನಿಂತಿದ್ದರು. ಕೆಲಸ ಒಂದು ದಿನವೂ ಬಾಕಿ ಉಳಿಯಲಿಲ್ಲ. ಖಾಯಂ ಆಯಿತು. ನಾನು ಸಹಸ್ರನಾಮ ವಾಪಸ್ಸು ತೆಗೆದುಕೊಂಡೆ.

ಆ ಭಾನುವಾರ ಫೋನಿನ ಸ್ಪೀಕರ್ ಹಾಕಿ ಅಪ್ಪನಿಗೆ ಸುದ್ದಿ ಹೇಳಿದಳು. ಅಣ್ಣನಿಗೆ ಸಂತೋಷವೇನೋ ಆಯಿತು, ಆದರೆ ಗೊಣಗಿದ. "ಏನೇ ಆದ್ರೂ ದೊಡ್ಡವರ ಮುಂದೆ ಹಾಗೆ ಎದ್ದು ಬರಬಾರದಮ್ಮ. ಅಷ್ಟು ವರ್ಷದಲ್ಲಿ ನಾನು ಒಂದು ದಿನಾನೂ ಎದ್ದವನಲ್ಲ."

"ಅಪ್ಪ, ನಿಮ್ಮ ಸಾಹೇಬರು ಯಾಕೆ ಅಷ್ಟು ಹೊತ್ತು ಕೂರ್ತಿದ್ರು?" ಎಂದಳು ಗುಮ್ಮಿ.

"ಕೆಲಸ ಇರ್ತಿತ್ತೇನೋ."

"ಕೇಳಿದ್ರಾ?"

"ಅವರನ್ನ ಅದೆಲ್ಲ ಕೇಳೋಕಾಗುತ್ತಾ?"

"ಕೇಳಬೇಕಿತ್ತು ಅಪ್ಪ." ಅವಳು ಅಷ್ಟಕ್ಕೇ ನಿಲ್ಲಿಸಲಿಲ್ಲ. "ಚಿಕ್ಕವಳಿದ್ದಾಗ ನೀವು ಬಂದ ಮೇಲೇ ಊಟ ಮಾಡ್ತೀನಿ ಅಂತ ದಿನಾ ಹೊಸ್ತಿಲ ಮೇಲೆ ಕೂತಿರ್ತಿದ್ದೆ. ಅಲ್ಲೇ ನಿದ್ದೆ ಹೋಗ್ತಿದ್ದೆ."

ಆ ಕಡೆ ಅತ್ತಿಗೆ ಪಾತ್ರೆ ಎತ್ತಿಡುತ್ತಿದ್ದ ಸದ್ದು ನಿಂತಿತು.

"ನೀನು ಕಾಯ್ತಿದ್ದೆ ಅಂತ ನಂಗೆ ಯಾರೂ ಹೇಳ್ಲೇ ಇಲ್ವಲ್ಲಮ್ಮ" ಎಂದ ಅಣ್ಣ.

"ಹೇಳಬಹುದು ಅಂತ ನಂಗೂ ಗೊತ್ತಿರ್ಲಿಲ್ಲ ಅಪ್ಪ" ಎಂದಳು.