ಅಪ್ಪನ ದಿಂಬಿನ ಕೆಳಗಿನ ಬೀಗದ ಕೈ

ನಮ್ಮ ಮನೆಯಲ್ಲಿ ಯಾವ ಬೀಗಕ್ಕೂ ಹೊಂದದ ಒಂದು ಕಬ್ಬಿಣದ ಬೀಗದ ಕೈ ಇತ್ತು. ಅಪ್ಪನ ದಿಂಬಿನ ಕೆಳಗೇ ಅದರ ಜಾಗ. ಕೇಳಿದರೆ ಅವ್ವ, "ಗಾಳಿ ಗೀಳಿ ಸೋಕದಿರ್ಲಿ ಅಂತ ಮಡಗಿವ್ನಿ, ನಿಂಗ್ಯಾಕ್ಲಾ?" ಅನ್ನುತ್ತಿದ್ದಳು. ಅಪ್ಪ ಮೈಗಳ್ಳ ಎಂದು ನಾನು ಚಿಕ್ಕಂದಿನಲ್ಲೇ ತೀರ್ಮಾನಿಸಿಬಿಟ್ಟಿದ್ದೆ. ತೆಂಗಿನಮರ ಹತ್ತಿದವನಲ್ಲ, ಬಾವಿಗೆ ಇಳಿದವನಲ್ಲ. ಸೈಕಲ್ಲೂ ತುಳಿಯುತ್ತಿರಲಿಲ್ಲ. ಒಮ್ಮೆ ಸಿಟ್ಟಿನಲ್ಲಿ ಹತ್ತು ಜನರೆದುರು, "ಕೂತು ಉಣ್ಣೋರಿಗೆ ಕುಡಿಕೆ ಹೊನ್ನೂ ಸಾಲದು" ಎಂದು ಅಂದುಬಿಟ್ಟೆ. ಅಪ್ಪ ತಲೆ ತಗ್ಗಿಸಿ ಎದ್ದುಹೋದ. ಆಮೇಲೆ ನಮ್ಮಿಬ್ಬರ ಮಾತು ಅಷ್ಟಕ್ಕಷ್ಟೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಬಿಡದಿ ಕಡೆ ಒಂದರ ಹಿಂದೊಂದು ಫ್ಯಾಕ್ಟರಿ ಬಂದವು. ಅಂಥ ಒಂದರಲ್ಲಿ ತಗಡು ಒತ್ತುವ ಪ್ರೆಸ್ ಮಿಷನ್ ಮೇಲೆ ನನಗೆ ಕೆಲಸ ಸಿಕ್ಕಿತು. ನಾನು ಅಪ್ಪನ ಥರ ಅಲ್ಲ ಅಂತ ಊರಿಗೆಲ್ಲ ತೋರಿಸುವ ಕೆಲಸ ಅದು. ಒಂದು ದಿನ ಶಿಫ್ಟ್ ಮುಗಿಸಿ ಕಂಪನಿ ಬಸ್ಸಿನಲ್ಲಿ ನಿದ್ದೆ ಹೋದವನು ಕೈಕಾಲು ಒದರಿದೆನಂತೆ. ಮರುದಿನ ಸೂಪರ್‌ವೈಸರ್, "ಮಿದುಳಿನ ಅಲೆ ನೋಡೋ ಟೆಸ್ಟ್ ಮಾಡಿಸ್ಕೊಂಡು ಬಾ. ಅಲ್ಲಿವರ್ಗೂ ಮಿಷನ್ ಮುಟ್ಟಂಗಿಲ್ಲ" ಅಂದರು.

"ಕೆಟ್ಟ ಕನಸು ಸಾರ್, ಅಷ್ಟೆ!" ಎಂದು ರೇಗಿದೆ. ನಾನು ನಂಬಿದ್ದೂ ಅದನ್ನೇ. ಕನಸು ಎಂದು ರಿಪೋರ್ಟ್ ಬಂದರೆ ಕೆಲಸ ಉಳಿಯುತ್ತಿತ್ತು.

ಆಸ್ಪತ್ರೆಯವರು ಹಿಂದಿನ ರಾತ್ರಿ ನಿದ್ದೆ ಮಾಡಬಾರದು, ತಲೆಗೆ ಎಣ್ಣೆ ಹಚ್ಚಬಾರದು ಎಂದಿದ್ದರು. ಬೆಳಿಗ್ಗೆ ಮಾಗಡಿಯಿಂದ ಬೆಂಗಳೂರಿನ ಬಸ್ಸಿನಲ್ಲಿ ಅವ್ವ ನನ್ನ ತೊಡೆ ಚಿವುಟುತ್ತಲೇ ಬಂದಳು. "ತೂಕಡಿಸ್ಬೇಡ ಕಣ್ಲಾ." "ತೊಡೆ ಏನು ಬ್ಯಾರೆಯೋರ್ದಾ? ಬುಡವ್ವ!" ಎಂದು ಗದರಿದೆ. ಅವಳು ಬಿಡಲಿಲ್ಲ.

ಪರೀಕ್ಷೆ ಮಾಡುವ ಮೇಡಂ ಮೊದಲು ಕೇಳಿದರು: "ಮನೇಲಿ ಯಾರಿಗಾದ್ರೂ ಫಿಟ್ಸ್ ಇದೆಯಾ?"

ನಾನು ಬಾಯಿ ತೆರೆಯುವ ಮೊದಲೇ ಅವ್ವ, "ಇಲ್ಲ ಕಣವ್ವ. ನಮ್ ವಂಶದಲ್ಲೇ ಇಲ್ಲ" ಅಂದಳು.

ತಲೆಗೆಲ್ಲ ವೈರು ಅಂಟಿಸಿ ಪರದೆ ತೋರಿಸಿದರು. "ಈ ಸಣ್ಣ ಸಣ್ಣ ಅವಸರದ ಗೆರೆ ನೋಡಿ, ಇದು ಎಚ್ಚರ. ನಿದ್ದೆ ಆಳಕ್ಕೆ ಹೋದ ಹಾಗೆ ಅಲೆ ದೊಡ್ಡದಾಗಿ ನಿಧಾನ ಆಗುತ್ತೆ. ಕನಸು ಬೀಳುವಾಗ ಮತ್ತೆ ಹೆಚ್ಚುಕಡಿಮೆ ಎಚ್ಚರದ ಹಾಗೇ ಕಾಣುತ್ತೆ."

"ಫಿಟ್ಸ್ ಆದ್ರೆ?"

"ಮಧ್ಯೆ ಮೊಳೆ ಹೊಡೆದ ಹಾಗೆ ಚೂಪಾಗಿ ಏಳುತ್ತೆ. ಮಲಗಿ, ನೋಡೋಣ."

ಇಡೀ ರಾತ್ರಿ ಬಾ ಬಾ ಎಂದು ಕಾಡಿದ ನಿದ್ದೆ ಈಗ ಬಾರದಿರಲಿ ದೇವರೇ ಅನ್ನಿಸಿತು. ನನಗೆ ನಿಜಕ್ಕೂ ಹೆದರಿಕೆಯಾಗಿತ್ತು. ಯಾವಾಗ ರೆಪ್ಪೆ ಅಂಟಿತೋ ಗೊತ್ತಿಲ್ಲ.

ಎಚ್ಚರವಾದಾಗ ನಾಲಿಗೆ ಕಚ್ಚಿಹೋಗಿ ಉರಿಯುತ್ತಿತ್ತು. ಬಲಗೈಯಲ್ಲಿ ಅಪ್ಪನ ಆ ಬೀಗದ ಕೈ ಇತ್ತು. ಪಕ್ಕದಲ್ಲಿ ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು.

ಮೇಡಂ ಅವಳನ್ನೇ ನೋಡುತ್ತಿದ್ದರು. "ಪರದೆ ನೋಡ್ತಿದ್ದ ನನಗಿಂತ ಮೊದಲು ನಿಮಗೆ ಹೇಗೆ ಗೊತ್ತಾಯ್ತಮ್ಮ? ನಿಮ್ಮ ಮಗ ಅದುರೋಕೆ ಮುಂಚೆನೇ ಕಬ್ಬಿಣ ಹಿಡ್ಕೊಂಡು ಓಡಿಬಂದ್ರಲ್ಲ!"

ಅವ್ವ ಬಾಯಿಂದ ಸೆರಗು ತೆಗೆದಳು. ಆಮೇಲೆ, "ಮೊದ್ಲು ತುಟಿ ಎಡಗಡೆ ಎಳೀತದೆ ಕಣವ್ವ. ಇವರಪ್ಪಂಗೂ ಹಿಂಗೇಯ. ಮದ್ವೆಯಾದಾಗ್ನಿಂದ ನೋಡ್ತಾವ್ನಿ" ಅಂದಳು.

"ಕಬ್ಬಿಣದಿಂದ ಏನೂ ಆಗಲ್ಲಮ್ಮ, ಪಕ್ಕಕ್ಕೆ ತಿರುಗಿಸಿ ಮಲಗಿಸ್ಬೇಕು. ಬೆಳಿಗ್ಗೆನೇ ಹೇಳಬಾರದಿತ್ತಾ?"

"ಹೇಳಿದ್ರೆ ಮಗನ ಕೆಲ್ಸ ಹೋಯ್ತದೆ ಅಂತ..."

ಕನಸಲ್ಲ, ಮೂರ್ಛೆ ಎಂದು ಡಾಕ್ಟರೂ ಹೇಳಿದರು. ಮಾತ್ರೆ ಬರೆದರು. ಪ್ರೆಸ್ ಬೇಡವೇ ಬೇಡ, ಪ್ಯಾಕಿಂಗಿನಂಥ ಕೆಲಸ ಕೇಳಿಕೊಳ್ಳಿ ಎಂದರು. ಹೊರಗೆ ಬಂದದ್ದೇ ಅವ್ವನ ಮೇಲೆ ಹರಿಹಾಯ್ದೆ. "ಎಲ್ಲಾ ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ಯಲ್ಲ! ಪ್ರೆಸ್ಸಿಗೆ ಕೈ ಸಿಕ್ಕಿದ್ರೆ?"

"ನಿಂಗೂ ಅದೇಯ ಅಂತ ನಂಗೇನ್ ಗೊತ್ತಿತ್ಲಾ? ಬಸ್ಸಲ್ಲಾದದ್ದು ಕೇಳ್ದಾಗ್ಲೇ ಎದೆ ಧಸಕ್ ಅಂದದ್ದು." ಅವ್ವ ಅಳುತ್ತಲೇ ಅಂದಳು. "ನಿಮ್ಮಪ್ಪಂಗೆ ಎಚ್ಚರದಲ್ಲೂ ಬತ್ತಿತ್ತು. ಅದ್ಕೇ ಮರ ಹತ್ನಿಲ್ಲ, ಬಾವಿ ಇಳೀನಿಲ್ಲ. 'ನನ್ನ ಮೈಗಳ್ಳ ಅಂದ್ರೂ ಅನ್ಲಿ, ನನ್ ಮಗನ್ನ ಮೂರ್ಛೆಯೋನ್ ಮಗ ಅನ್ಬಾರ್ದು' ಅಂತ ಆಣೆ ಹಾಕಿಸ್ಕೊಂಡಿದ್ದ."

ವಾಪಸ್ ಬರುವಾಗ ಅವ್ವ ಚಿವುಟಲಿಲ್ಲ. ಆದರೂ ನನಗೆ ನಿದ್ದೆ ಹತ್ತಲಿಲ್ಲ.

ಅಪ್ಪ ಜಗಲಿಯ ಮೇಲೆ ಕಾಯುತ್ತಿದ್ದ. "ಏನಂದ್ರು?" ಎಂದು ಅವ್ವನನ್ನು ಕೇಳಿದ. ನನ್ನನ್ನು ಕೇಳುವ ಧೈರ್ಯ ಅವನಿಗೆ ಇರಲಿಲ್ಲ. ನಾನು ಹೋಗಿ ಅವನ ಪಕ್ಕ ಕೂತೆ.

"ತಪ್ಪಾಯ್ತು ಕಣಪ್ಪ. ನಾಳಿದ್ದು ಆಸ್ಪತ್ರೆಗೆ ನೀನೂ ಬಾ. ನಾಳೆ ರಾತ್ರಿ ನಿದ್ದೆ ಮಾಡಂಗಿಲ್ಲ. ತಲೆಗೆ ಎಣ್ಣೆ ಹಚ್ಚಂಗಿಲ್ಲ."

ಅಪ್ಪ ಅವ್ವನ ಮುಖ ನೋಡಿದ. ಅವಳು ಸೆರಗಿನಿಂದ ಬೀಗದ ಕೈ ಬಿಚ್ಚಿ ಅವನ ಮುಂದೆ ಇಟ್ಟಳು. ಅವನಿಗೆ ಎಲ್ಲ ತಿಳಿಯಿತು.

"ಈ ವಯಸ್ಸಲ್ಲಿ ರಾತ್ರಿಯೆಲ್ಲ ಹೆಂಗ್ಲಾ ಎದ್ದಿರ್ಲಿ?" ಅಂದ.

"ಅವ್ವ ಚಿವುಟ್ತಾಳೆ" ಅಂದೆ.